ತೋಳ ಬಂದಿರಲಿಲ್ಲ

ಕಥೆ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಮದುವೆ ಮನೆಯಲ್ಲಿ ಯಾರಾದರೂ ಕಾಲು ಮಡಚಿ ಕೂತು, ಸುತ್ತ ಜನ ಕೂಡಿಸಿಕೊಂಡು, "ಒಮ್ಮಿ ಏನಾತಂದ್ರ..." ಎಂದು ಶುರು ಮಾಡಿದರೆ ಸಾಕು, ನಾನು ಎದ್ದು ಅಡುಗೆಯವರ ಕಡೆ ಹೋಗಿಬಿಡುತ್ತೇನೆ. ಈಗಿನ ಮಕ್ಕಳಿಗೆ ಕಥೆ ಹೇಳುವ ಅಜ್ಜಿಯರೇ ಇಲ್ಲ ಎಂದು ಮರುಗುವವರ ಮೇಲಂತೂ ಇನ್ನೂ ಸಿಟ್ಟು. ನನಗಿದ್ದಳು. ಇಡೀ ಕುಷ್ಟಗಿಯಲ್ಲಿ ಅಂಥ ಕಥೆಗಾರ್ತಿ ಇನ್ನೊಬ್ಬಳಿರಲಿಲ್ಲ. ಅವಳ ಬಾಯಿಂದ ಹೊರಟ ಕಥೆಗಳು ಒಬ್ಬ ಗಂಡಸಿನ ಜೀವವನ್ನೂ ಒಬ್ಬ ಹೆಣ್ಣುಮಗಳ ಬಾಳನ್ನೂ ತಿಂದು ಹಾಕಿದ್ದನ್ನು ನಾನು ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಕಣ್ಣಾರೆ ನೋಡಿದ್ದೇನೆ.

ನಮ್ಮಲ್ಲಿ ಹೆತ್ತವಳು ಅವ್ವ, ಅಪ್ಪನ ತಾಯಿ ಅಮ್ಮ. ಮಣ್ಣಿನ ಮಾಳಿಗೆಯ ಆ ಮನೆ ಅಮ್ಮನದು. ಅಪ್ಪ ಬಜಾರದಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ, ಅವನ ತಮ್ಮ ಬಸಣ್ಣ ಕಾಕಾ ಅವನಿಗೆ ಕೈಗೂಡಿಸುತ್ತಿದ್ದ. ಆದರೆ ಮನೆಯೊಳಗೆ ಬೆಳಕಿಂಡಿಯಿಂದ ಬೀಳುವ ಬಿಸಿಲು ಕೂಡ ಅಮ್ಮನನ್ನು ಕೇಳಿ ಬೀಳಬೇಕು ಅನ್ನುವಂತಿತ್ತು. ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ಮುಗಿದು ಗಂಡಸರು ಅಂಗಡಿಗೆ ಹೋದರೆಂದರೆ ಓಣಿಯ ಹೆಂಗಸರು ಮೊರ ಹಿಡಿದುಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಜೋಳ ಹಸನು ಮಾಡುವುದು ನೆಪ. ಬರುತ್ತಿದ್ದದ್ದು ಅಮ್ಮನ ಬಾಯಿಗೆ. ಅವಳು ಅಡಿಕೆ ಕತ್ತರಿಸುತ್ತ ಕತ್ತರಿಸುತ್ತ ಮಾತು ನಿಲ್ಲಿಸಿದರೆ ಹತ್ತು ಮೊರಗಳೂ ನಿಲ್ಲುತ್ತಿದ್ದವು.

ಎಲ್ಲ ಕಥೆಗಳ ಮೇಲೊಂದು ಕಥೆಯಿತ್ತು, ಬಸಣ್ಣ ಕಾಕಾ ಮತ್ತು ತೋಳದ್ದು. ಕಾಕಾನ ಎಡ ಹುಬ್ಬಿನ ಮೇಲೊಂದು ಉದ್ದ ಕಲೆ. ಅವನು ಸಣ್ಣ ಹುಡುಗನಿದ್ದಾಗ ಶೇಂಗಾ ಹೊಲದಲ್ಲಿ ಆಡಿನ ಮರಿಯ ಮೇಲೆ ತೋಳ ಬಿತ್ತಂತೆ. ಇವನು ಓಡಿ ಹೋಗದೆ ಅದರ ದವಡೆಗೆ ಎರಡೂ ಕೈ ಹಾಕಿ ಅಗಲಿಸಿದನಂತೆ. ಅಮ್ಮ ತನ್ನ ಎರಡೂ ಕೈ ಚಾಚಿ ದವಡೆ ಅಗಲಿಸಿ ತೋರಿಸುತ್ತಿದ್ದಳು, ಮುಂಗೈ ನಡುಗಿಸುತ್ತಿದ್ದಳು, ತೋಳದ ಉಸಿರಿನ ನಾತಕ್ಕೆ ಮೂಗು ಸೊಟ್ಟ ಮಾಡುತ್ತಿದ್ದಳು. ನಮ್ಮ ಕಡೆ ಗುಡ್ಡದಲ್ಲಿ ತೋಳಗಳಿರುವುದು ನಿಜ. ಹಾಗಾಗಿ ಯಾರೂ ಅನುಮಾನ ಪಡಬೇಕಿರಲಿಲ್ಲ. ನಿಜವಾಗಿ ಆ ಕಲೆ ಬೀಸುಕಲ್ಲಿನ ಅಂಚಿನದು. ಕಾಕಾನಿಗೆ ಮೂರ್ಛೆ ರೋಗ ಇತ್ತು. ಹುಡುಗನಾಗಿದ್ದಾಗಲೇ ಬಿದ್ದು ಹಣೆ ಒಡೆದುಕೊಂಡಿದ್ದ.

ಅದು ಬರುವಾಗ ಮೊದಲು ಅವನ ಬಲಗೈ ಸೆಟೆಯುತ್ತಿತ್ತು. ಗಂಟಲಿನಿಂದ ಕರು ಒರಲಿದಂಥ ಒಂದು ಸದ್ದು ಬಂದು, ನಿಂತಲ್ಲೇ ಕೆಡೆಯುತ್ತಿದ್ದ. ಆಗ ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಕೆಲಸ. ಅಮ್ಮ ತಲಬಾಗಿಲು ಹಾಕುತ್ತಿದ್ದಳು. ಅಪ್ಪ ಇದ್ದರೆ ಕಾಕಾನ ಅಂಗೈಗೆ ಕಬ್ಬಿಣದ ಕೀಲಿ ಒತ್ತುತ್ತಿದ್ದ. ಅವ್ವ ಒರಳಿನ ಮುಂದೆ ನಿಂತು ಒನಕೆಯಿಂದ ಕುಟ್ಟುತ್ತಿದ್ದಳು. ಒರಳಿನಲ್ಲಿ ಏನೂ ಇರುತ್ತಿರಲಿಲ್ಲ. ಕಾಕಾನ ಆ ಸದ್ದು ಓಣಿಗೆ ಕೇಳಬಾರದೆಂದು ಖಾಲಿ ಒರಳನ್ನು ಕುಟ್ಟುತ್ತಿದ್ದಳು ನನ್ನ ಹೆತ್ತ ತಾಯಿ. ಓಣಿಗೆ ಅದೂ ಗೊತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಹೊತ್ತಲ್ಲದ ಹೊತ್ತಿನಲ್ಲಿ ಕುಟ್ಟುವ ಸದ್ದು ಕೇಳಿದರೆ ಆಚೆ ಕಟ್ಟೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ಹುಬ್ಬು ಹಾರಿಸುತ್ತಿದ್ದರು. ಮರುದಿನ ಅವರೇ ಬಂದು ಕೂತು ತೋಳದ ಕಥೆ ಕೇಳುತ್ತಿದ್ದರು. "ಇನ್ನೊಮ್ಮಿ ಹೇಳಬೇ" ಅನ್ನುತ್ತಿದ್ದರು.

ಇಂಥ ಮನೆಗೆ ಯಲಬುರ್ಗಾ ಕಡೆಯ ಹಳ್ಳಿಯಿಂದ ನೀಲಮ್ಮ ಚಿಗವ್ವ ಕಾಕಾನ ಹೆಂಡತಿಯಾಗಿ ಬಂದಳು. ಹೈಸ್ಕೂಲು ಮುಗಿಸಿದ್ದಳು. ನಮ್ಮ ಮನೆ ಹೆಂಗಸರಲ್ಲಿ ಪೇಪರು ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೆ. ಅವಳಿಗೂ ಅವಳ ಅಪ್ಪನಿಗೂ ಯಾರೂ ಏನೂ ಹೇಳಿರಲಿಲ್ಲ; ಹೆಣ್ಣು ನೋಡಲು ಹೋದಾಗ ತೋಳದ ಕಥೆ ಮಾತ್ರ ಹೇಳಿ ಬಂದಿದ್ದರು. ಮದುವೆಯಾದ ಹೊಸದರಲ್ಲೇ ಒಂದು ದಿನ ಊಟಕ್ಕೆ ಕೂತಲ್ಲಿ ಕಾಕಾ ಬಿದ್ದ. ಚಿಗವ್ವ ಕಿರುಚಲಿಲ್ಲ. ತಾಟು ಆಚೆ ದೂಡಿ, ಅವನನ್ನು ಮಗ್ಗುಲಿಗೆ ಹೊರಳಿಸಿ, ಸೆರಗು ಮುದ್ದೆ ಮಾಡಿ ತಲೆಯ ಕೆಳಗಿಟ್ಟು, ಬಾಯಿಯ ನೊರೆ ಒರೆಸುತ್ತ ಕೂತಳು. ಅವನು ನಿದ್ದೆಗೆ ಜಾರಿದ ಮೇಲೆ ಅಮ್ಮನನ್ನು ಕೇಳಿದಳು.

"ಇದು ಯಾವಾಗಿಂದ ಐತ್ರಿ ಅತ್ತಿ?"

"ಏನು ಯಾವಾಗಿಂದ? ಇವತ್ತ ಮೊದಲ. ನಿನ್ನ ಕಾಲಗುಣ."

ಅವ್ವನ ಕೈಯಲ್ಲಿ ಒನಕೆ ಇನ್ನೂ ಇತ್ತು. ಅವಳು ತಲೆ ತಗ್ಗಿಸಿದಳು, ಅಷ್ಟೇ.

ಚಿಗವ್ವ ಬಿಡುವವಳಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಇದಕ್ಕೆ ಗುಳಿಗೆ ಕೊಡುತ್ತಾರೆ, ದಿನಾ ತಪ್ಪದೆ ನುಂಗಿದರೆ ತಡೆಯುತ್ತದೆ ಎಂದು ಎಲ್ಲಿಯೋ ಕೇಳಿದ್ದಳು. ಅಪ್ಪನಿಗೆ ಹೇಳಿದಳು, ಅವ್ವನಿಗೆ ಹೇಳಿದಳು, ಅಮ್ಮನ ಕಾಲು ಒತ್ತುತ್ತ ಹೇಳಿದಳು. ಅಮ್ಮನ ಉತ್ತರ ಒಂದೇ: ಶಾಂತಾ ದಾಟಲಿ. ಶಾಂತತ್ತೆ ಅಪ್ಪನ ತಂಗಿ, ಅವಳಿಗೆ ವರ ನೋಡುತ್ತಿದ್ದರು. ಹುಬ್ಬಳ್ಳಿ ಬಸ್ಸು ಹತ್ತಿದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಆ ಮನೆತನದ ಹೆಣ್ಣು ಯಾರಿಗೆ ಬೇಕು? ಆ ಅಂಜಿಕೆ ಸುಳ್ಳಲ್ಲ, ಒಪ್ಪುತ್ತೇನೆ. ಆದರೆ ತಾಯಿಯಾದವಳು ಒಬ್ಬ ಮಗಳಿಗಾಗಿ ಒಬ್ಬ ಮಗನನ್ನು ನೆಲದ ಮೇಲೆ ಕೆಡವುತ್ತಲೇ ಇದ್ದಳಲ್ಲ, ಅದನ್ನು ನಾನು ಇವತ್ತಿಗೂ ಒಪ್ಪಲಾರೆ.

ಕಾಕಾನೇ ಹಟ ಮಾಡಬಹುದಿತ್ತು ಅನ್ನಿಸುತ್ತದೆ. ಒಂದು ದಿನ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆವು, ಅವನು, ಚಿಗವ್ವ, ನಾನು. ನಾನು ಕೇಳಿದೆ:

"ಕಾಕಾ, ತ್ವಾಳದ ಬಾಯಿ ಖರೇನ ನಾರತಿತ್ತೇನು?"

"ಭಾಳ ನಾರತಿತ್ತು," ಅಂದ. ಅಂದವನು ಚಿಗವ್ವನ ಮುಖ ನೋಡಿದ. ನೋಡಿ, ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟು, "ತ್ವಾಳ ಬಂದಿರಲಿಲ್ಲವ್ವ ಗಿರಿಜಾ. ಆದ್ರ ಅಮ್ಮ ಹೇಳೂ ಮುಂದ ನನಗೂ ಬಂದಿತ್ತು ಅನಸತೈತಿ. ನಾ ಗಟ್ಟ್ಯಾಗಿದ್ನಿ ಅನಸತೈತಿ," ಅಂದ.

ಒಬ್ಬ ರೋಗಿಗೆ ಔಷಧದ ಬದಲು ಆ ಕಥೆ ಕುಡಿಸಿದ್ದರು. ಅವನಿಗೆ ಅದು ಹಿತವಾಗಿತ್ತು ಕೂಡ.

ಬೇಸಿಗೆಯಲ್ಲಿ ಶ್ಯಾವಿಗೆ ಹೊಸೆಯುವ ದಿನ ಗಂಗಾವತಿಯಿಂದ ಶಾಂತತ್ತೆಗೆ ನೋಡಿದ್ದ ವರನ ಕಡೆಯ ಹೆಂಗಸರು ಬಂದರು. ಪಡಸಾಲೆಯ ತುಂಬ ಶ್ಯಾವಿಗೆ ಮಣೆಗಳು, ಹಿಟ್ಟಿನ ವಾಸನೆ, ಬಳೆಗಳ ಸದ್ದು. ಬಂದವರಲ್ಲಿ ಹಿರಿಯಳಾದ ವರನ ಸೋದರತ್ತೆಯನ್ನು ಅಮ್ಮ ಪಕ್ಕಕ್ಕೆ ಕೂಡಿಸಿಕೊಂಡು ತೋಳದ ಕಥೆ ಶುರು ಮಾಡಿದಳು. ತೋಳ ಹಾರುವ ಹೊತ್ತಿಗೆ ಸರಿಯಾಗಿ ಕಾಕಾ ಅಂಗಡಿಯಿಂದ ಬಂದ. ಬಾಗಿಲಲ್ಲಿ ನಿಂತವನ ಬಲಗೈ ಸೆಟೆಯಿತು. ಮುಚ್ಚಲು ಬಾಗಿಲಿಲ್ಲ, ಕುಟ್ಟಲು ಹೊತ್ತಿಲ್ಲ. ಎಲ್ಲರ ಕಣ್ಣೆದುರು, ಒಣ ಹಾಕಿದ್ದ ಶ್ಯಾವಿಗೆಯ ಮೇಲೆ ಬಿದ್ದ. ಹೆಂಗಸರು ಚೀರಿದರು. ಆಗ ಅಮ್ಮ ಮಾಡಿದ್ದನ್ನು ನೆನೆದರೆ ನನಗೆ ಇವತ್ತಿಗೂ ಅವಳ ಬುದ್ಧಿಗೆ ಬೆರಗು, ಅವಳ ಎದೆಗೆ ಹೇಸಿಗೆ. ಕೂತಲ್ಲಿಂದ ಏಳದೆ, ದನಿ ಕೂಡ ಏರಿಸದೆ ಹೇಳಿದಳು:

"ಅಂಜಬ್ಯಾಡ್ರಿ. ತ್ವಾಳದ ಹಲ್ಲಿನ ವಿಷ. ಅಮಾಸಿ ಹತ್ರ ಬಂದ್ರ ರಕ್ತದಾಗ ಏಳತೈತಿ. ತನ್ನ ಜೀವಕ್ಕ ವಿಷ ತಗೊಂಡು ಮರಿ ಉಳಿಸ್ಯಾನ ನನ್ನ ಮಗ."

ಚೀರಿದ ಹೆಂಗಸರು ಗಪ್ಪಾದರು. ಒಬ್ಬಳು ಕಣ್ಣಿಗೆ ಸೆರಗು ಹಚ್ಚಿಕೊಂಡಳು. ಚಿಗವ್ವ ಕಾಕಾನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಕೂತಲ್ಲಿಂದಲೇ ಅಂದಳು:

"ತ್ವಾಳ ಬಂದಿರಲಿಲ್ರಿ. ಇದು ಮೂರ್ಛಿ. ಸಣ್ಣವರಿದ್ದಾಗಿಂದ ಐತಿ. ಇವರಿಗೆ ಔಷಧ ಬೇಕು, ಕಥಿ ಅಲ್ಲ."

ವರನ ಸೋದರತ್ತೆ ಅಮ್ಮನ ಕಡೆ ತಿರುಗಿ, "ಸೊಸಿ ಭಾಳ ಬಾಯಿ ಮಾಡತಾಳಲ್ಲವ್ವ," ಅಂದಳು. ಅಷ್ಟೇ! ಎದುರಿಗೆ ಬಿದ್ದವನನ್ನು ನೋಡಿದರು, ನಿಜವನ್ನು ಕಿವಿಯಾರೆ ಕೇಳಿದರು, ತೋಳವನ್ನೇ ನಂಬಿದರು. ಶಾಂತತ್ತೆಯ ಮದುವೆ ಗೊತ್ತಾಯಿತು. ಚಿಗವ್ವನ ಮಾತಿನಿಂದ ಮನೆಗೆ ಒಂದೆಳೆಯ ನಷ್ಟವೂ ಆಗಲಿಲ್ಲ. ಆದರೂ ಮರುದಿನ ಮುಂಜಾನೆ, ಕಾಕಾ ಇನ್ನೂ ಮಂಪರಿನಲ್ಲಿ ಮಲಗಿದ್ದಾಗಲೇ, ಅಪ್ಪ ಅವಳನ್ನು ಯಲಬುರ್ಗಾ ಬಸ್ಸಿಗೆ ಕರೆದೊಯ್ದ. ನಾನು ಹಿಂದೆ ಹಿಂದೆ ಓಡಿದೆ. ಅಪ್ಪನೇ ಕಿಟಕಿಯ ಹತ್ತಿರ ಸೀಟು ಹಿಡಿದುಕೊಟ್ಟ, ಅವಳ ಮುಖ ನೋಡಲಿಲ್ಲ. ಚಿಗವ್ವ ಕಿಟಕಿಯಿಂದ ಕೈ ಚಾಚಿ, ಮುಂದಿನ ಹಲ್ಲು ಬಿದ್ದಿದ್ದ ನನ್ನ ಗಲ್ಲ ಹಿಡಿದು, "ಎದ್ದ ಮ್ಯಾಲೆ ಅವರಿಗೆ ಹೇಳು, ನಾ ಸಿಟ್ಟಾಗಿ ಹೋಗಿಲ್ಲ ಅಂತ," ಅಂದಳು. ನಾನು ಹೇಳಿದೆ. ಕಾಕಾ ಗೋಡೆಯ ಕಡೆ ಹೊರಳಿ ಮಲಗಿದ.

ಚಿಗವ್ವ ತಿರುಗಿ ಬರಲಿಲ್ಲ, ಬರಗೊಡಲಿಲ್ಲ. ಎರಡನೆಯ ಕಥೆ ಹುಟ್ಟಿದ್ದು ಹೀಗೆ. ಮೊದಮೊದಲು ಅವಳು ಸಿಟ್ಟು ಮಾಡಿಕೊಂಡು ತಾನೇ ಹೋದಳು ಎಂದಿತ್ತು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕಾಯುತ್ತಿದ್ದ ಎಂದಾಯಿತು. ಶಾಂತತ್ತೆಯ ಮದುವೆಯ ಹೊತ್ತಿಗೆ ಆ ಯಾರೋ ಬಳೆಗಾರನಾದ, ತಲೆಗೆ ಕೆಂಪು ಪಟಕಾ ಸುತ್ತಿಕೊಂಡ, ಬಂಗಾರದ ಹಲ್ಲು ಕಟ್ಟಿಸಿಕೊಂಡ. ನಮ್ಮ ಓಣಿಗೆ ಬರುತ್ತಿದ್ದ ಬಳೆಗಾರ ಕಣ್ಣಿಗೆ ಪೊರೆ ಬಂದ ಮುದುಕ. ಕೈ ತಡಕಿ ಅಳತೆ ಹಿಡಿಯುತ್ತಿದ್ದ. ಆ ಬಡಪಾಯಿ ಆಮೇಲೆ ನಮ್ಮ ಓಣಿಯ ಕಡೆ ಕಾಲಿಡಲಿಲ್ಲ. ಒಂದು ಮಧ್ಯಾಹ್ನ ಹೆಂಗಸರ ನಡುವೆ ನಾನು ಎದ್ದು ನಿಂತು ಹೇಳಿದೆ:

"ಬಳಿಗಾರ ಇರಲಿಲ್ಲ. ನಾ ಹೋಗಿದ್ನೆಲ್ಲ. ಅಪ್ಪನ ಅಕಿನ್ನ ಬಸ್ ಹತ್ತಿಸ್ಯಾನ."

ಪಡಸಾಲೆ ನಕ್ಕಿತು. ಅಮ್ಮನೂ ನಕ್ಕಳು. "ಈ ಹುಡುಗಿಗೆ ಸುಳ್ಳು ಹೇಳೂ ಚಟ ಹತ್ತೇತಿ ನೋಡ್ರಿ. ಚಿಗವ್ವನ ಗಾಳಿ," ಅಂದಳು. ಅವ್ವ ನನ್ನನ್ನು ಅಡುಗೆಮನೆಗೆ ಎಳೆದೊಯ್ದು ಬಾಯಿಗೆ ಹಸಿ ಖಾರ ಹಚ್ಚಿದಳು. ಹಚ್ಚುವಾಗ ಅವಳೂ ಅಳುತ್ತಿದ್ದಳು. ಆ ಅಳುವಿಗೆ ನಾನು ಬೆಲೆ ಕೊಡಬೇಕೆಂದು ಬಹಳ ಜನ ಹೇಳಿದ್ದಾರೆ. ಯಾಕೆ ಕೊಡಬೇಕು? ಅವತ್ತಿನಿಂದ ಓಣಿಯಲ್ಲಿ ನನಗೆ ಸುಳ್ಳಬುರುಕಿ ಎಂದೇ ಹೆಸರಾಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಮ್ಮ ಆ ಕಥೆಯನ್ನು ಅಷ್ಟು ಸಲ, ಅಷ್ಟು ಚಂದ ಹೇಳಿದಳೆಂದರೆ, ಈಗ ಕಣ್ಣು ಮುಚ್ಚಿದರೆ ನನಗೆ ಆ ಬಸ್ಸಿನ ಕಿಟಕಿಯಲ್ಲಿ ಚಿಗವ್ವನ ಮುಖ ಕಾಣುವುದಿಲ್ಲ. ಕೆಂಪು ಪಟಕಾ ಕಾಣುತ್ತದೆ. ಇಲ್ಲದ ಮನುಷ್ಯನನ್ನು ನನ್ನ ತಲೆಯಲ್ಲಿ ಕೂಡಿಸಿ, ಇದ್ದ ಹೆಣ್ಣನ್ನು ಅಲ್ಲಿಂದ ಎಬ್ಬಿಸಿದರು.

ಕಾಕಾ ಸತ್ತದ್ದು ಅದರ ಮುಂದಿನ ವರ್ಷ. ಮುಂಜಾನೆ, ಬಿಸಿಲು ಬಿದ್ದಿತ್ತು. ಹಿತ್ತಲಿನ ಬಾವಿಯ ಕಟ್ಟೆಯ ಹತ್ತಿರ ನಿಂತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ನಾನು ಪಕ್ಕದಲ್ಲಿ ಬೂದಿಯಿಂದ ಉಜ್ಜುತ್ತಿದ್ದೆ. ಅವನ ಬಲಗೈ ಸೆಟೆದದ್ದು ಕಂಡಿತು, ಆ ಸದ್ದು ಕೇಳಿತು. ಕಟ್ಟೆ ಮೊಣಕಾಲಿನಷ್ಟೇ ಎತ್ತರ. ನಾನು ಕೂಗುವಷ್ಟರಲ್ಲಿ ಇರಲಿಲ್ಲ. ಬಾವಿಯಿಂದ ಎತ್ತಿ ಪಡಸಾಲೆಯಲ್ಲಿ ಮಲಗಿಸಿದಾಗ ಅಮ್ಮ ಎದೆ ಬಡಿದುಕೊಂಡು ಅತ್ತಳು. ಆ ಅಳು ನಿಜ, ಅದನ್ನು ಮಾತ್ರ ನಾನು ಎಂದೂ ಸುಳ್ಳೆನ್ನುವುದಿಲ್ಲ. ಆದರೆ ಅಳುತ್ತಳುತ್ತಲೇ ಅವಳ ಬಾಯಿಂದ ಮೂರನೆಯ ಕಥೆ ಹೊರಟಿತು: "ಓಡಿ ಹೋದಾಕಿನ್ನ ನೆನಸಿ ನೆನಸಿ ಬಾವಿಗೆ ಹಾರಿದ್ಯಲ್ಲೋ ನನ್ನ ಕಂದಾ!" ಪೊಲೀಸರಿಗೆ ಕಾಲು ಜಾರಿದ ಎಂದು ಬರೆಸಿದರು. ಓಣಿಗೆ ಹೆಂಡತಿಯ ಹೆಸರು ಕೂಗಿ ಹಾರಿದ ಎಂದರು. ಮೂರ್ಛೆ ಎಂಬ ಮಾತು ಹೆಣದ ಮುಂದೆಯೂ ಹೊರಬರಲಿಲ್ಲ. ನಾನು ಬಾಯಿ ತೆರೆಯಹೋದೆ. ಅವ್ವ ನನ್ನ ಕಡೆ ನೋಡಿದ ನೋಟಕ್ಕೇ ತುಟಿ ಉರಿಯಿತು.

ನಾನು ಆ ಮನೆಯಿಂದ ಕಲಿತದ್ದು ಸಿಟ್ಟು. ಅದೇ ನನ್ನನ್ನು ಓದಿಸಿತು, ನರ್ಸ್ ಕೆಲಸಕ್ಕೆ ತಂದಿತು, ಕೊಪ್ಪಳದ ವಾರ್ಡುಗಳಲ್ಲಿ ಹಗಲು ರಾತ್ರಿ ದುಡಿಸಿತು. ರೋಗಿಯ ಕಡೆಯವರು ಗಾಳಿ ಬಡಿಯಿತು, ದೃಷ್ಟಿ ತಾಗಿತು, ಯಾರೋ ಮಾಡಿಸಿದರು ಎಂದು ಕಥೆ ಶುರು ಮಾಡಿದರೆ, "ಏನಾತು ಅಷ್ಟ ಹೇಳ್ರಿ," ಎಂದು ಗದರುತ್ತಿದ್ದೆ. ಸಿಡುಕಿ ಎಂಬ ಹೆಸರು ಬಂತು. ಬರಲಿ, ಸುಳ್ಳಬುರುಕಿಗಿಂತ ವಾಸಿ. ಚಿಗವ್ವ ಕೇಳುತ್ತಿದ್ದ ಆ ಗುಳಿಗೆ ಇವತ್ತು ನಮ್ಮ ದವಾಖಾನೆಯ ಕಿಟಕಿಯಲ್ಲಿ ಚೀಟಿ ತೋರಿಸಿದರೆ ಸಿಗುತ್ತದೆ.

ನಿವೃತ್ತಿಗೆ ಸ್ವಲ್ಪ ಮುಂಚೆ, ಶ್ರೀರಾಮನಗರ ಕಡೆಯಿಂದ ಒಬ್ಬ ಹುಡುಗಿಯನ್ನು ಮೂರ್ಛೆಯೆಂದು ಕರೆತಂದರು. ಹುಡುಗಿಯ ತಾಯಿ ಬರೀ ಅಳುತ್ತಿದ್ದಳು. ಜೊತೆಗೆ ಬಂದಿದ್ದ ನೆರೆಮನೆಯ ಮುದುಕಿಯನ್ನು ಏನಾಯಿತೆಂದು ಕೇಳಿದೆ. ಅವಳು ನಿಂತಲ್ಲೇ ಹೇಳಿದಳು:

"ಗದ್ದಿ ಬದುವಿನ ಮ್ಯಾಲೆ ನಿಂತಿತ್ರಿ. ಮೊದಲ ಎಡಗೈ ಸೆಟೀತು, ಆಮ್ಯಾಲೆ ಬಾಯಿ ಸೊಟ್ಟ ಆತು, ಬಿತ್ತು. ಮಗ್ಗುಲಿಗಿ ಹೊರಳಿಸೀನಿ. ಬಾಯಾಗ ಏನೂ ಹಾಕಿಲ್ಲ. ಎದ್ದ ಮ್ಯಾಲೆ ನನ್ನ ಗುರ್ತು ಹಿಡೀಲಿಲ್ಲ, ಮಲಗಿಬಿಡ್ತು. ಅಷ್ಟರಿ."

ಇಷ್ಟು ವರ್ಷದ ಕೆಲಸದಲ್ಲಿ ಯಾರೂ ನನಗೆ ಹೀಗೆ ಕಂಡದ್ದನ್ನಷ್ಟೇ ಹೇಳಿರಲಿಲ್ಲ. ಹೆಸರು ಕೇಳಿದೆ. ನೀಲಮ್ಮ ಎಂದಳು. ತವರು ಕೇಳಿದೆ. ಯಲಬುರ್ಗಾ ಕಡೆಯ ಆ ಹಳ್ಳಿಯ ಹೆಸರು ಹೇಳಿದಳು. ನಾನು ಕುಷ್ಟಗಿಯ ಗಿರಿಜಾ ಎಂದೆ. ಅವಳು ನನ್ನ ಗಲ್ಲ ಹಿಡಿಯಲಿಲ್ಲ, ಅಳಲಿಲ್ಲ. "ನಿನ್ನ ಹಲ್ಲು ಬಂದಾವಲ್ಲ," ಅಂದಳು.

ಹುಡುಗಿಗೆ ಔಷಧ ಹತ್ತಿ ಮಲಗಿದ ಮೇಲೆ ವರಾಂಡದ ಬೆಂಚಿನ ಮೇಲೆ ಕೂತೆವು. ಚಿಗವ್ವ ಶ್ರೀರಾಮನಗರದ ಅಂಗನವಾಡಿಯಲ್ಲಿ ದುಡಿದು, ಗುಡಿಸಲಿನಿಂದ ಸಣ್ಣ ಮನೆ ಕಟ್ಟಿಕೊಂಡು, ಒಬ್ಬಳೇ ಇದ್ದಾಳೆ. ಮತ್ತೆ ಮದುವೆ ಆಗಲಿಲ್ಲ. ಬಂದ ಸಂಬಂಧಗಳೆಲ್ಲ ಬಳೆಗಾರನ ಕಥೆ ಕೇಳಿ ತಿರುಗಿ ಹೋದವಂತೆ.

"ಅತ್ತಿ ಮ್ಯಾಲೆ ನನಗ ಈಗ ಅಷ್ಟು ಸಿಟ್ಟಿಲ್ಲ," ಅಂದಳು. "ಅಕಿಗೆ ಮಗ ಇದ್ದ, ಮಗಳಿದ್ಲು, ಅಂಜಿಕಿ ಇತ್ತು. ಕೇಳಿದವರಿಗೆ ಏನಿತ್ತು? ನಮ್ಮಪ್ಪನ ಮಾತು ಕೇಳು. ಅವತ್ತ ನಾ ಒಬ್ಬಾಕಿನ ಬಸ್ಸಿಳಿದು ಮನಿಗೆ ಹೋದಾಗ ಬಾಗಲ ತೆಗೆದಾಂವ ಅಂವನ. ನೀರು ಕೊಟ್ಟಾಂವ ಅಂವನ. ಆರು ತಿಂಗಳಾದ ಮ್ಯಾಲೆ, ಊರಾಗ ಕಥಿ ಕೇಳಿ ಬಂದು, ನನ್ನ ಮುಂದ ಕುಂತು ಕೇಳಿದ: ನೀಲಾ, ಆ ಬಳಿಗಾರ ಯಾರವ?"

ನನ್ನ ಮೈಯೆಲ್ಲ ಬೆಂಕಿಯಾಯಿತು. ಅವಳು ಆಚೆ ನೋಡುತ್ತ ಬೇರೆಯೇ ದನಿಯಲ್ಲಿ ಅಂದಳು: "ನಿಮ್ಮ ಕಾಕಾ ಒಬ್ಬರು ಮಾತ್ರ ನಂಬಲಿಲ್ಲ. ನಂಬಿದ್ರ ನನ್ನ ಸಲುವಾಗಿ ಬಾವಿಗೆ ಹಾರತಿದ್ರೇನು?"

ನಾನು ಅವಳ ಮುಖ ನೋಡಿದೆ. ಅಮ್ಮನ ತೋಳವನ್ನು ತುಂಬಿದ ಪಡಸಾಲೆಯಲ್ಲಿ ಸುಳ್ಳೆಂದವಳು, ಬಳೆಗಾರನಿಂದ ಬಾಳು ಕಳೆದುಕೊಂಡವಳು, ಅದೇ ಬಾಯಿಂದ ಬಂದ ಮೂರನೆಯ ಕಥೆಯನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿದ್ದೇ ನಮ್ಮ ಮನೆ ಹಾಳಾಗಿತ್ತು.

"ಚಿಗವ್ವ, ಕಾಕಾ ಹಾರಲಿಲ್ಲ. ನಾ ಅಲ್ಲೇ ಇದ್ನಿ. ಮೂರ್ಛಿ ಬಂದು ಬಿದ್ದ."

ಅವಳು ಎದ್ದು ನಿಂತು ಬೆನ್ನು ತಿರುಗಿಸಿದಳು. ತಿರುಗಿದಾಗ ಕಣ್ಣು ಕೆಂಪಗಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು.

"ಅಂದ್ರ ನನ್ನ ಸಲುವಾಗಿ ಅಲ್ಲ."

"ಅಲ್ಲ."

"ಗುಳಿಗಿ ಇದ್ದಿದ್ರ ಇರತಿದ್ರು."

"ಇರಬಹುದಿತ್ತು ಚಿಗವ್ವ."

ಅವಳು ಮತ್ತೆ ಬಂದು ನನ್ನ ಪಕ್ಕ ಕೂತಳು. "ಮೊದಲಿಂದ ಹೇಳು," ಅಂದಳು.

ನಾನು ಹೇಳಿದೆ. ಮುಂಜಾನೆ ಇತ್ತು, ಬಿಸಿಲು ಬಿದ್ದಿತ್ತು, ಕೈಯಲ್ಲಿ ಬೇವಿನ ಕಡ್ಡಿ ಇತ್ತು. ಬಲಗೈ ಸೆಟೆಯಿತು. ಹೇಳುತ್ತ ನನ್ನ ಬಾಯಿಂದ, "ಪಾಪ, ನಿನ್ನ ನೆನಪಿನಾಗ ಭಾಳ ಸೊರಗಿದ್ದ," ಎಂಬ ಮಾತು ಹೊರಬಿತ್ತು. ಚಿಗವ್ವ ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು.

"ಅದು ನಿನಗ ಗೊತ್ತಿತ್ತೇನು?"

"ಇಲ್ಲ."

"ಹಂಗಾರ ಅದನ್ನ ತಗಿ. ಮುಂದ ಹೇಳು."